ಪೀಟ್ ಬೇರೆ, ನಮ್ಮ ಜವಳು ಬೇರೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಕೃಷಿ ಪುಟದಲ್ಲಿ ನೀರು ನಿಲ್ಲುವ ಮಣ್ಣಿನ ಬಗ್ಗೆ ಒಂದು ಲೇಖನ ಬಂದಿತ್ತು. ಎರಡು ಸಲ ಓದಿದೆ. ಪೂರ್ತಿ ಕೊಳೆಯದ ಗಿಡದ ಕಸ ಕೂತು ಆದ ಐರ್ಲೆಂಡ್, ಸ್ಕಾಟ್ಲೆಂಡಿನ ಪೀಟ್ ಮಣ್ಣನ್ನೂ, ಕಾಲುವೆ ನೀರು ನಿಂತು ಕೆಟ್ಟ ನಮ್ಮ ಸುರಪುರ, ಶಹಾಪುರದ ಜವಳು ಹೊಲಗಳನ್ನೂ ಅದರಲ್ಲಿ ‘ಜೌಗು ಮಣ್ಣು’ ಅಂತ ಒಂದೇ ಹೆಸರಿಗೆ ಸೇರಿಸಿಬಿಟ್ಟಿದ್ದಾರೆ. ಎರಡೂ ಕಪ್ಪು, ಎರಡರಲ್ಲೂ ನೀರು ನಿಲ್ಲುತ್ತದೆ, ಬಸಿಗಾಲುವೆ ತೋಡಿ ನೀರು ಹೊರಗೆ ಹಾಕಿದರೆ ಎರಡೂ ಒಳ್ಳೆ ಸಾಗುವಳಿ ಭೂಮಿ ಆಗುತ್ತವೆ ಅನ್ನೋದು ಲೇಖನದ ಸಾರ. ಕೊನೆಯಲ್ಲಿ, ಪೀಟ್‌ನಲ್ಲಿ ಸಾವಯವ ಅಂಶ ಜಾಸ್ತಿ ಇರುವುದರಿಂದ ನಮ್ಮ ಭಾಗದವರೂ ತಂದು ಹೊಲಕ್ಕೆ, ಕುಂಡಕ್ಕೆ ಬೆರೆಸಬಹುದು ಅಂತ ಸಲಹೆ ಬೇರೆ ಇದೆ.

ಇದು ತಪ್ಪು. ಓದಿದವರು ದುಡ್ಡು ಕಳೆದುಕೊಳ್ಳುವಂಥ ತಪ್ಪು. ಅದಕ್ಕೇ ಬರೆಯುತ್ತಿದ್ದೇನೆ, ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ತವರು ಮನೆ ಸುರಪುರದ ಕಡೆ, ಅಲ್ಲಿ ನನ್ನ ತಮ್ಮ ನಾರಾಯಣಪುರ ಕಾಲುವೆಯ ಕೆಳಗೆ ಭತ್ತ ಮಾಡುತ್ತಾನೆ. ಮಗಳು ಐರ್ಲೆಂಡಿನಲ್ಲಿ ನರ್ಸ್. ಅವಳ ಬಾಣಂತನಕ್ಕೆ ಹೋಗಿ ಅಲ್ಲಿನ ಬೇಸಿಗೆಯ ಮೂರು ತಿಂಗಳು ಇದ್ದು ಬಂದೆ. ಹಾಗಾಗಿ ಎರಡೂ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನಾನು ಪಾಠ ಮಾಡುತ್ತಿದ್ದಾಗ ಪೀಟ್ ಮಣ್ಣಿಗೆ ಪುಸ್ತಕದಲ್ಲಿ ಎರಡೇ ಸಾಲು ಇರುತ್ತಿತ್ತು. ಕಪ್ಪು ಬಣ್ಣ, ಹುಳಿ ಗುಣ, ಸಾವಯವ ಅಂಶ ಹೆಚ್ಚು. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಿದ್ದರು, ನಾನೂ ಅಂಕ ಕೊಟ್ಟು ಮುಂದೆ ಹೋಗುತ್ತಿದ್ದೆ. ಆ ಎರಡು ಸಾಲಿನಲ್ಲಿ ಎಷ್ಟು ವಿಷಯ ಅಡಗಿತ್ತು ಅಂತ ಗೊತ್ತಾಗಿದ್ದು ಅಲ್ಲಿ ಕಾಲಿಟ್ಟ ಮೇಲೆ.

ಐರ್ಲೆಂಡಿನ ನಡುಭಾಗದಲ್ಲಿ ಆಫಲಿ ಅಂತ ಒಂದು ಜಿಲ್ಲೆ. ಅಲ್ಲಿ ಕ್ಲಾರಾ ಎಂಬ ಊರಿನ ಪಕ್ಕ ದೊಡ್ಡ ಪೀಟ್ ಬಯಲು ಇದೆ. ಅವರು ಅದಕ್ಕೆ ‘ಬಾಗ್’ ಅನ್ನುತ್ತಾರೆ. ನಮಗೆ ಬಾಗ್ ಅಂದರೆ ತೋಟ, ಐರಿಷ್ ಭಾಷೆಯಲ್ಲಿ ಮೆತ್ತಗಿರುವುದು ಅಂತ ಅರ್ಥ. ನಿಜಕ್ಕೂ ಮೆತ್ತಗೆ. ಮರದ ಹಲಗೆ ಹಾಸಿದ ದಾರಿ ಮಾಡಿದ್ದಾರೆ, ಅದರ ಮೇಲೆಯೇ ನಡೆಯಬೇಕು. ಅಳಿಯ ಹಲಗೆಯ ಅಂಚಿನಲ್ಲಿ ಕೂತು ಅಂಗೈಯಿಂದ ನೆಲ ಒತ್ತಿ ತೋರಿಸಿದ. ನೀರು ತುಂಬಿದ ಹಾಸಿಗೆ ಒತ್ತಿದ ಹಾಗೆ ಒಳಗೆ ಹೋಯಿತು, ಕೈ ತೆಗೆದ ಮೇಲೆ ನಿಧಾನಕ್ಕೆ ಮೇಲೆ ಬಂತು. ಅಲ್ಲಲ್ಲಿ ಸಣ್ಣ ಹೊಂಡಗಳು, ಅದರೊಳಗಿನ ನೀರು ಹಾಲು ಹಾಕದ ಚಹಾದ ಬಣ್ಣ. ಮಧ್ಯಭಾಗ ಅಂಚಿಗಿಂತ ಎತ್ತರ. ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ ಇಡೀ ಬಯಲೇ ಉಬ್ಬಿಕೊಂಡಿದೆ, ಒಳಗೆ ಬರೀ ನೀರು ಮತ್ತು ಕೊಳೆಯದೆ ಉಳಿದ ಗಿಡದ ಚೂರು. ತೂಕ ಹಾಕಿದರೆ ಹಸಿ ಪೀಟ್‌ನ ನೂರರಲ್ಲಿ 90 ಭಾಗದಷ್ಟು ನೀರೇ ಇರುತ್ತದೆ.

ಆ ಬಯಲು ಹುಟ್ಟಿದ್ದು ಹೇಗೆ ಅಂತ ಹೇಳಿದರೆ ಮುಂದಿನದು ಸುಲಭ. ಸುಮಾರು 10,000 ವರ್ಷದ ಹಿಂದೆ ಹಿಮಗಡ್ಡೆ ಕರಗಿ ಹಿಂದೆ ಸರಿದಾಗ ಅಲ್ಲಿ ಆಳವಿಲ್ಲದ ಕೆರೆಗಳು ಉಳಿದವು. ಕೆರೆಯ ಅಂಚಿನಲ್ಲಿ ಆಪು, ಜೊಂಡು ಬೆಳೆದು ಸತ್ತು ತಳಕ್ಕೆ ಬಿದ್ದವು. ನೀರಿನೊಳಗೆ ಗಾಳಿ ಹೋಗುವುದಿಲ್ಲ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನಕ್ಕೆ ಹರಡುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಉಸಿರಿಲ್ಲ, ಮೇಲೆ ಚಳಿ ಬೇರೆ. ಹೀಗಾಗಿ ಸತ್ತದ್ದು ಪೂರ್ತಿ ಕೊಳೆಯಲಿಲ್ಲ, ಪದರದ ಮೇಲೆ ಪದರ ಕೂತಿತು. ಕೆರೆ ತುಂಬಿದ ಮೇಲೆ ಸ್ಫ್ಯಾಗ್ನಮ್ ಎಂಬ ಪಾಚಿ ಬಂದು ನೆಲ ಹಿಡಿಯಿತು. ಈ ಪಾಚಿ ತನ್ನ ಒಣ ತೂಕದ 20 ಪಟ್ಟಿನವರೆಗೂ ನೀರು ಹೀರಿ ಇಟ್ಟುಕೊಳ್ಳುತ್ತದೆ. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಇದನ್ನೇ ಒಣಗಿಸಿ ಸೈನಿಕರ ಗಾಯಕ್ಕೆ ಕಟ್ಟಿದ್ದರು. ಮೇಲೆ ಬೆಳೆಯುತ್ತಾ ಹೋಗುತ್ತದೆ, ಕೆಳಗೆ ಸಾಯುತ್ತಾ ಹೋಗುತ್ತದೆ, ಸತ್ತ ಭಾಗವೂ ನೀರು ಬಿಡುವುದಿಲ್ಲ.

ಬೆಳೆಯುವ ವೇಗ ಕೇಳಿ. ವರ್ಷಕ್ಕೆ ಹೆಚ್ಚೂ ಕಡಿಮೆ ಒಂದು ಮಿಲಿಮೀಟರ್. ನಮ್ಮ ಕಲಬುರಗಿ ಬಹಮನಿಯರ ರಾಜಧಾನಿ ಆದದ್ದು 1347ರಲ್ಲಿ. ಅವತ್ತಿನಿಂದ ಲೆಕ್ಕ ಹಾಕಿದರೂ ಇವತ್ತಿಗೆ ಕೂತಿರುವ ಪೀಟ್ ಎರಡು ಅಡಿ ಚಿಲ್ಲರೆ, ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಅಷ್ಟನ್ನು ಒಬ್ಬ ಮನುಷ್ಯ ಗುದ್ದಲಿ ಹಿಡಿದು ಒಂದು ಗಳಿಗೆಯಲ್ಲಿ ತೆಗೆದುಬಿಡುತ್ತಾನೆ.

ಈಗ ಮಳೆಯ ವಿಷಯ. ಅಷ್ಟು ಒದ್ದೆ ನೆಲ ಅಂದರೆ ನಮ್ಮ ಆಗುಂಬೆ ಥರ ಸುರಿಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲ. ಐರ್ಲೆಂಡಿನ ನಡುಭಾಗದ ಮಳೆ ವರ್ಷಕ್ಕೆ 800ರಿಂದ 1000 ಮಿ.ಮೀ. ನಮ್ಮ ಕಲಬುರಗಿಯದು 750ರಿಂದ 800ರ ಆಸುಪಾಸು. ಅಂಥ ದೊಡ್ಡ ಅಂತರ ಏನಿಲ್ಲ, ಅಲ್ವಾ? ಅಂತರ ಇರುವುದು ಬೀಳುವ ರೀತಿಯಲ್ಲಿ, ಬಿದ್ದ ಮೇಲೆ ಹೋಗುವ ರೀತಿಯಲ್ಲಿ. ಅಲ್ಲಿ ವರ್ಷದಲ್ಲಿ 150 ದಿನಕ್ಕೂ ಜಾಸ್ತಿ ಜಿನುಗುತ್ತಲೇ ಇರುತ್ತದೆ. ಬಿದ್ದ ಮಳೆಯಲ್ಲಿ ಸುಮಾರು ಅರ್ಧದಷ್ಟೇ ಆವಿಯಾಗುತ್ತದೆ, ಉಳಿದದ್ದು ನೆಲಕ್ಕೆ ಇಳಿಯುತ್ತದೆ ಇಲ್ಲವೇ ಹರಿದು ಹೋಗುತ್ತದೆ. ನಮ್ಮಲ್ಲಿ ಬಹುತೇಕ ಎಲ್ಲವೂ ನಾಲ್ಕು ತಿಂಗಳಲ್ಲಿ ದಬದಬ ಬಿದ್ದು ಮುಗಿಯುತ್ತದೆ. ಆಮೇಲೆ ಬಿಸಿಲು. ನಮ್ಮ ಬಿಸಿಲಿಗೆ ಬಿದ್ದ ಮಳೆಯ ಎರಡು ಪಟ್ಟು ನೀರನ್ನು ಕುಡಿಯುವ ಶಕ್ತಿ ಇದೆ. ಮಗಳ ಮನೆಯಲ್ಲಿ ಜುಲೈ ತಿಂಗಳಲ್ಲಿ ಕೂಸಿನ ಬಟ್ಟೆ ಹೊರಗೆ ಹಾಕಿದರೆ ಸಂಜೆಗೂ ಹಸಿ ಇರುತ್ತಿತ್ತು. ಇಲ್ಲಿ ಏಪ್ರಿಲ್‌ನಲ್ಲಿ ಸೀರೆ ಹರವಿ ತಿರುಗಿ ನೋಡುವುದರೊಳಗೆ ಒಣಗಿರುತ್ತದೆ. ಮಣ್ಣಿಗೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ನಮ್ಮ ಜವಳು ಹೊಲಗಳ ಕಪ್ಪು ಎರೆ ಮಣ್ಣು ಹುಟ್ಟಿದ್ದು ಕಲ್ಲಿನಿಂದ. ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಕಲ್ಲು ಲಕ್ಷಾಂತರ ವರ್ಷ ಸವೆದು ಜಿಗುಟು ಜೇಡಿ ಆಗಿದೆ. ಕಪ್ಪಗಿದೆ ಅಂತ ಅದರಲ್ಲಿ ಸಾವಯವ ಅಂಶ ತುಂಬಿದೆ ಅಂತ ತುಂಬಾ ಜನ ತಿಳಿದಿದ್ದಾರೆ, ಲೇಖನ ಬರೆದವರೂ ಹಾಗೇ ತಿಳಿದಂತಿದೆ. ತಮ್ಮನ ಹೊಲದ ಮಣ್ಣು ಪರೀಕ್ಷೆ ಕಾರ್ಡ್ ನನ್ನ ಮುಂದಿದೆ. ಸಾವಯವ ಇಂಗಾಲ ಶೇಕಡಾ 0.4, ರಸಸಾರ (ಹುಳಿ-ಕ್ಷಾರ ಅಳೆಯುವ ಪಿಎಚ್) 8.4. ನಮ್ಮ ಕಡೆಯ ಬಹಳಷ್ಟು ಕಾರ್ಡುಗಳಲ್ಲಿ ಇದೇ ಕಥೆ, ಇಂಗಾಲ ಶೇಕಡಾ ಅರ್ಧದ ಆಸುಪಾಸಿನಲ್ಲೇ ಇರುತ್ತದೆ. ಬಣ್ಣ ಬಂದಿರುವುದು ಕಲ್ಲಿನ ಖನಿಜದಿಂದ ಮತ್ತು ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡ ತುಸುವೇ ಸಾವಯವ ಅಂಶದಿಂದ. ಪೀಟ್‌ನ ಒಣ ತೂಕದಲ್ಲಾದರೆ ಅರ್ಧದಷ್ಟು ಇಂಗಾಲವೇ. ಆ ಉಬ್ಬಿದ ಬಯಲಿನ ಪೀಟನ್ನು ಒಣಗಿಸಿ ಸುಟ್ಟರೆ ಉಳಿಯುವುದು ಒಂದು ಹಿಡಿ ಬೂದಿ. ನಮ್ಮ ಎರೆ ಹೆಂಟೆ ಸುಟ್ಟರೆ ಇಟ್ಟಿಗೆ ಚೂರು.

ತೂಕ ನೋಡಿದರೂ ಹಾಗೇ. ಹತ್ತು ಲೀಟರ್ ಬಕೆಟ್ಟಿನಲ್ಲಿ ಒಣ ಎರೆ ಮಣ್ಣು ತುಂಬಿದರೆ 12-13 ಕೆ.ಜಿ. ತೂಗುತ್ತದೆ, ಒಂದು ಕೈಯಲ್ಲಿ ಎತ್ತಿದರೆ ಭುಜ ಬಾಗುತ್ತದೆ. ಅದೇ ಬಕೆಟ್ಟಿಗೆ ಒಣ ಪೀಟ್ ತುಂಬಿದರೆ ಒಂದೆರಡು ಕೆ.ಜಿ. ಅಷ್ಟೇ. ಹತ್ತರಲ್ಲಿ ಎಂಟೊಂಬತ್ತು ಪಾಲು ಖಾಲಿ ಜಾಗ, ಅಲ್ಲೇ ನೀರು ತುಂಬಿಕೊಳ್ಳುವುದು.

ಹುಳಿಯ ಮಾತಿಗೆ ಬರುತ್ತೇನೆ. ಉಬ್ಬಿದ ಬಯಲಿಗೆ ಕೆಳಗಿನ ಅಂತರ್ಜಲ ಮುಟ್ಟುವುದಿಲ್ಲ, ಹಳ್ಳದ ನೀರು ಏರುವುದಿಲ್ಲ. ಕುಡಿಯುವುದು ಮಳೆ ನೀರು ಮಾತ್ರ. ಮಳೆ ನೀರಿನಲ್ಲಿ ಸುಣ್ಣ ಇಲ್ಲ, ಪೊಟ್ಯಾಷ್ ಇಲ್ಲ, ಹೆಚ್ಚು ಏನೂ ಇಲ್ಲ. ಇರುವ ಚೂರುಪಾರು ಪೋಷಕಾಂಶವನ್ನೂ ಆ ಪಾಚಿ ಹೀರಿ ಅದರ ಬದಲು ಹುಳಿಯನ್ನು ಹೊರಗೆ ಬಿಡುತ್ತದೆ. ಹಾಗಾಗಿ ಅಲ್ಲಿನ ರಸಸಾರ 4ರ ಹತ್ತಿರ, ಚೆನ್ನಾಗಿ ಹುಳಿಯಾದ ಮಜ್ಜಿಗೆ ಇದ್ದ ಹಾಗೆ. ನಮ್ಮದು 8. ರಸಸಾರದಲ್ಲಿ ಒಂದು ಅಂಕ ಅಂದರೆ ಹತ್ತು ಪಟ್ಟು. ನಾಲ್ಕು ಅಂಕದ ಅಂತರ ಅಂದರೆ 10,000 ಪಟ್ಟು. ಅಲ್ಲಿ ನೆಲದಲ್ಲಿ ಸಾರಜನಕ ಸಿಗದೆ ಸನ್‌ಡ್ಯೂ ಎಂಬ ಚಿಕ್ಕ ಕೆಂಪು ಗಿಡ ಎಲೆಯ ಮೇಲಿನ ಅಂಟಿನಲ್ಲಿ ನುಸಿ ಹಿಡಿದು ಜೀರ್ಣ ಮಾಡಿಕೊಳ್ಳುತ್ತದೆ. ಬಗ್ಗಿ ನೋಡಿದೆ, ಒಂದು ಎಲೆ ಮುಚ್ಚಿಕೊಂಡು ಅದರೊಳಗೆ ಸೊಳ್ಳೆಯ ಕಾಲು ಕಾಣುತ್ತಿತ್ತು. ಇಷ್ಟು ಬಡ ನೆಲವನ್ನು ಲೇಖನದಲ್ಲಿ ಫಲವತ್ತಾದ ಮಣ್ಣು ಅಂತ ಬರೆದಿದ್ದಾರೆ. ಸಾವಯವ ಅಂಶ ಇದೆ, ನಿಜ. ಆದರೆ ಅದು ಕೊಳೆತು ಗಿಡಕ್ಕೆ ಸಿಗುವ ರೂಪಕ್ಕೆ ಬಂದೇ ಇಲ್ಲ. ತಿಪ್ಪೆ ಗೊಬ್ಬರ ಬೇರೆ, ಇದು ಬೇರೆ.

ಮಗಳ ಮನೆಯ ಹತ್ತಿರ ಒಬ್ಬ ಹಿರಿಯರು ತಮ್ಮ ಪಾಲಿನ ತುಂಡು ಬಾಗ್‌ನಲ್ಲಿ ಒಲೆಗೆ ಅಂತ ಪೀಟ್ ಕತ್ತರಿಸುತ್ತಿದ್ದರು. ಸ್ಲೇನ್ ಅಂತ ಒಂದು ಉದ್ದನೆಯ ಸನಿಕೆ, ಒಂದು ಬದಿಗೆ ರೆಕ್ಕೆ ಇರುತ್ತದೆ. ಒತ್ತಿದರೆ ಬೆಣ್ಣೆ ಕೊಯ್ದ ಹಾಗೆ ಇಟ್ಟಿಗೆ ಆಕಾರದ ತುಂಡು ಬರುತ್ತದೆ. ಅವನ್ನು ನಾಲ್ಕೈದು ಸೇರಿಸಿ ಗೋಪುರದ ಹಾಗೆ ಒರಗಿಸಿ ಒಣಗಲು ಇಟ್ಟಿದ್ದರು, ದೂರದಿಂದ ನೋಡಿ ನಮ್ಮ ಹಳ್ಳಿಯ ಕುಳ್ಳಿನ ನೆನಪಾಗಿ ಕಣ್ಣು ತುಂಬಿ ಬಂತು. ಅವರು ನನ್ನ ಕೈಗೆ ಮೇಲಿನ ಪದರದ ಒಂದು ಹಿಡಿ ಕೊಟ್ಟು ಹಿಂಡಿ ಅಂದರು. ಹಿಂಡಿದೆ. ಬೆರಳ ಸಂದಿನಿಂದ ತೆಳು ಹಳದಿ ನೀರು ಸುರಿಯಿತು, ಕೈಯಲ್ಲಿ ಪಾಚಿಯ ಎಳೆ, ಸಣ್ಣ ಎಲೆ ಎಲ್ಲ ಗುರುತು ಸಿಗುವ ಹಾಗೇ ಉಳಿಯಿತು. ಆಮೇಲೆ ಆಳದ ಒಂದು ಹಿಡಿ ಕೊಟ್ಟರು. ಅದನ್ನು ಹಿಂಡಿದರೆ ನೀರು ಬರಲಿಲ್ಲ, ಕಪ್ಪು ಹಿಟ್ಟಿನ ಹಾಗೆ ಇಡೀ ಪೀಟೇ ಬೆರಳ ನಡುವಿನಿಂದ ಜಾರಿ ಹೊರಗೆ ಬಂತು. ಇದು ಅಲ್ಲಿ ಅಧಿಕೃತ ಪರೀಕ್ಷೆಯೇ ಅಂತೆ. ವಾನ್ ಪೋಸ್ಟ್ ಎಂಬ ಸ್ವೀಡನ್ನಿನ ವಿಜ್ಞಾನಿ ನೂರು ವರ್ಷದ ಹಿಂದೆ ಮಾಡಿಟ್ಟ ಹತ್ತು ಹಂತದ ಅಳತೆ. ತಿಳಿ ನೀರು ಬಂದರೆ ಒಂದು, ಎಲ್ಲವೂ ಜಾರಿ ಹೋದರೆ ಹತ್ತು. ನಮ್ಮಪ್ಪ ಬಿತ್ತುವ ಮುಂಚೆ ಎರೆ ಮಣ್ಣು ಹಿಡಿದು ಉಂಡೆ ಕಟ್ಟಿ ಹದ ನೋಡುತ್ತಿದ್ದರು. ಅಲ್ಲೂ ಇಲ್ಲೂ ಮಣ್ಣು ತಿಳಿದವರು ಮೊದಲು ಕೈಯನ್ನೇ ನಂಬುತ್ತಾರೆ.

ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪೀಟ್‌ನಿಂದ ಸಿಕ್ಕ ಮನುಷ್ಯರ ದೇಹಗಳಿವೆ. 2003ರಲ್ಲಿ ಆಫಲಿಯಲ್ಲೇ ಸಿಕ್ಕ ಒಂದು ದೇಹ 2,000 ವರ್ಷಕ್ಕೂ ಹಳೆಯದು. ತಲೆ ಇಲ್ಲ, ಸೊಂಟದ ಕೆಳಗಿಲ್ಲ. ಆದರೆ ಕೈ ಹಾಗೇ ಇದೆ. ಉಗುರು, ಬೆರಳ ಗೆರೆ, ಚರ್ಮದ ಸುಕ್ಕು. ಗಾಜಿಗೆ ಹಣೆ ತಾಗಿಸಿ ನಿಂತುಬಿಟ್ಟೆ. ಆ ಹುಳಿ ನೀರು ಚರ್ಮವನ್ನು ಹದ ಮಾಡಿದಂತೆ ಉಳಿಸುತ್ತದೆ, ಎಲುಬಿನ ಸುಣ್ಣವನ್ನು ಮಾತ್ರ ನಿಧಾನಕ್ಕೆ ಕರಗಿಸುತ್ತದೆ. ನಮ್ಮಲ್ಲಿ ತಿರುಗುಮುರುಗು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಆದಿಮಾನವರ ಸುಣ್ಣಕಲ್ಲಿನ ಕೊಡಲಿಗಳ ಜೊತೆ ಪ್ರಾಣಿಗಳ ಹಲ್ಲು ಸಿಕ್ಕವು. ಆ ಹಲ್ಲುಗಳಿಂದಲೇ ಆ ಜಾಗ ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಲೆಕ್ಕ ಸಿಕ್ಕಿತು. ಸುಣ್ಣದ ನೆಲದಲ್ಲಿ ಹಲ್ಲು ಉಳಿಯಿತು, ಚರ್ಮ ಮಾಂಸ ಯಾವತ್ತೋ ಹೋಯಿತು. ಈ ಎರಡೂ ನೆಲವನ್ನು ಒಂದೇ ಜಾತಿ ಅನ್ನಬಹುದಾ ನೀವೇ ಹೇಳಿ.

ಈಗ ಮುಖ್ಯ ವಿಷಯ, ಬಸಿಗಾಲುವೆ. ಪೀಟ್ ನೆಲದಿಂದ ನೀರು ತೆಗೆದರೆ ಸಾಗುವಳಿ ಭೂಮಿ ಆಗುತ್ತದೆ ಅಂತ ಬರೆದಿದ್ದಾರಲ್ಲ, ಯುರೋಪಿನವರು ಅದನ್ನು ನೂರಾರು ವರ್ಷ ಮಾಡಿ ನೋಡಿದ್ದಾರೆ. ಸ್ವಲ್ಪ ವರ್ಷ ಬೆಳೆ ಬರುತ್ತದೆ, ಸುಳ್ಳಲ್ಲ. ಆದರೆ ನೀರು ಹೋದ ಜಾಗಕ್ಕೆ ಗಾಳಿ ನುಗ್ಗುತ್ತದೆ. ಸಾವಿರಾರು ವರ್ಷ ಕೊಳೆಯದೆ ಇದ್ದದ್ದು ಕೊಳೆಯಲು ಶುರು ಮಾಡುತ್ತದೆ. ಮಣ್ಣೇ ಆವಿಯಾಗಿ ಹೋಗುತ್ತದೆ ಅಂದರೂ ನಡೆಯುತ್ತದೆ, ಯಾಕೆಂದರೆ ಆ ಇಂಗಾಲ ಹೊಗೆಯಿಲ್ಲದೆ ಗಾಳಿಗೆ ಸೇರುತ್ತದೆ. ನೆಲ ಕುಸಿಯುತ್ತದೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ 1850ರ ಸುಮಾರಿಗೆ ದೊಡ್ಡ ಕೆರೆಯೊಂದನ್ನು ಬರಿದು ಮಾಡುವಾಗ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಕ್ಕೆ ಸಮ ಬರುವಂತೆ ಹೂತಿದ್ದರು. ಇವತ್ತು ಆ ಕಂಬ ನೆಲದಿಂದ ಸುಮಾರು ನಾಲ್ಕು ಮೀಟರ್ ಮೇಲೆ ನಿಂತಿದೆ. ಕಂಬ ಬೆಳೆಯಲಿಲ್ಲ, ನೆಲ ಇಳಿಯಿತು. ನಮ್ಮ ಒಂದು ಅಂತಸ್ತಿನ ಮನೆಗಿಂತ ಎತ್ತರ ಅದು.

ಇನ್ನೊಂದು ದೋಷ ಇದೆ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟರೂ ಮೃಗಶಿರಾ ಮಳೆಗೆ ಉಬ್ಬಿ ಮತ್ತೆ ಒಂದಾಗುತ್ತದೆ. ಪೀಟ್ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಹಿಡಿಯಲು ಒಪ್ಪುವುದಿಲ್ಲ, ನೀರು ಮೇಲಿಂದ ಜಾರಿ ಹೋಗುತ್ತದೆ. ಬೆಂಕಿ ಬಿದ್ದರಂತೂ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ. 2010ರಲ್ಲಿ ಮಾಸ್ಕೋ ನಗರವನ್ನು ಹೊಗೆ ಮುಚ್ಚಿತ್ತಲ್ಲ, ಅದರಲ್ಲಿ ಸುತ್ತಲಿನ ಬಸಿದು ಬಿಟ್ಟ ಪೀಟ್ ನೆಲಗಳ ಬೆಂಕಿಯೂ ಸೇರಿತ್ತು. ಭೂಮಿಯ ನೆಲದಲ್ಲಿ ಪೀಟ್ ಇರುವುದು ನೂರಕ್ಕೆ ಮೂರು ಭಾಗ. ಅಷ್ಟರಲ್ಲೇ ಮಣ್ಣಿನ ಒಟ್ಟು ಇಂಗಾಲದ ಮೂರನೇ ಒಂದು ಪಾಲಿನಷ್ಟು ಕೂತಿದೆ. ಅದಕ್ಕೇ ಐರ್ಲೆಂಡಿನ ಸರ್ಕಾರಿ ಪೀಟ್ ಸಂಸ್ಥೆ ಬೋರ್ಡ್ ನಾ ಮೋನಾ 2021ರಲ್ಲಿ ಪೀಟ್ ತೆಗೆಯುವುದನ್ನೇ ಪೂರ್ತಿ ಬಿಟ್ಟಿತು. ಹಿಂದೆ ತಾನು ತೋಡಿದ್ದ ಬಸಿಗಾಲುವೆಗಳಿಗೇ ಈಗ ಅಡ್ಡ ಕಟ್ಟಿ ನೀರು ನಿಲ್ಲಿಸುತ್ತಿದೆ. ಅವರು ಮುಚ್ಚುತ್ತಿರುವ ಹೊತ್ತಿಗೆ ನಾವು ಅವರಿಗೆ ತೋಡಿ ಅಂತ ಹೇಳುವುದು ಸರಿಯಲ್ಲ.

ನಮ್ಮ ಜವಳಿಗೆ ಮಾತ್ರ ಬಸಿಗಾಲುವೆ ಬೇಕೇ ಬೇಕು. ಲೇಖನದಲ್ಲಿ ಈ ಒಂದು ಮಾತು ಸರಿ ಇದೆ, ಆದರೆ ಕಾರಣ ತಪ್ಪು. ನಾರಾಯಣಪುರ ಎಡದಂಡೆ ಕಾಲುವೆ ಬರುವ ಮುಂಚೆ ನಮ್ಮೂರ ಹೊಲಗಳಲ್ಲಿ ಜೋಳ, ಶೇಂಗಾ, ತೊಗರಿ. ಕಾಲುವೆ ಬಂದ ಮೇಲೆ ಭತ್ತ. ಆ ನೀರಾವರಿಯನ್ನು ಯೋಜಿಸಿದ್ದೇ ಅರೆ ನೀರಾವರಿ ಬೆಳೆಗಳಿಗೆ ಅಂತ, ಆದರೆ ಮೇಲಿನ ಹೊಲದವರು ಭತ್ತ ಹಚ್ಚಿದ ಮೇಲೆ ಕೆಳಗಿನವರು ಬೇರೇನು ಹಚ್ಚಿದರೂ ಬದುಕುವುದಿಲ್ಲ, ಬಸಿದು ಬರುವ ನೀರಿನಲ್ಲಿ ಮುಳುಗುತ್ತದೆ. ವರ್ಷಕ್ಕೆ ಎರಡು ಬೆಳೆ ನೀರು ನಿಂತು ನಿಂತು ಅಂತರ್ಜಲ ಮೇಲೆ ಬಂತು. ನೆಲದಿಂದ ಐದಾರು ಅಡಿ ಒಳಗೆ ಬಂದರೆ ಸಾಕು, ಎರೆ ಜೇಡಿ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮೇಲೆ ನಮ್ಮ ಬಿಸಿಲು ಕಾಯುತ್ತಾ ಇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಅದರೊಳಗಿನ ಉಪ್ಪು ನೆಲದ ಮೇಲೆ ಉಳಿಯುತ್ತದೆ. ಇದೇ ಸವಳು. ಜವಳು ಮೊದಲು, ಸವಳು ಅದರ ಬೆನ್ನಿಗೆ. ಅಲ್ಲಿ ನೀರು ನಿಂತ ನೆಲದಲ್ಲಿ ಗಿಡದ ಕಸ ಸೇರುತ್ತದೆ, ಇಲ್ಲಿ ಉಪ್ಪು ಸೇರುತ್ತದೆ. ಚಳಿ ಒಂದು ಮಾಡುತ್ತದೆ, ಬಿಸಿಲು ಇನ್ನೊಂದು ಮಾಡುತ್ತದೆ.

ಹೋದ ಬೇಸಿಗೆಯಲ್ಲಿ ತಮ್ಮನ ಕೆಳಗಿನ ಹೊಲಕ್ಕೆ ಹೋಗಿದ್ದೆ. ಮುಂಜಾನೆ ಹೊತ್ತು. ಬದುವಿನ ಪಕ್ಕ ನೆಲದ ಮೇಲೆ ಯಾರೋ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬಿಳಿ ಪದರ. ಚಪ್ಪಲಿ ಇಟ್ಟರೆ ಹಪ್ಪಳದ ಹಾಗೆ ಮುರಿದು, ಅದರ ಕೆಳಗೆ ಪುಸಪುಸ ಒಣ ಪುಡಿ, ಇನ್ನೂ ಕೆಳಗೆ ತೇವದ ಕರಿ ಜೇಡಿ. ಭತ್ತದ ಕೂಳೆ ಕೆಲವು ಕಡೆ ದಟ್ಟ, ಕೆಲವು ಕಡೆ ಬೋಳು. ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿದೆ, ಉಪ್ಪು, ಅದರ ಹಿಂದೆಯೇ ಕಹಿ. ತಮ್ಮ ಹೇಳಿದ, “ಅಕ್ಕಾ, ಹತ್ತು ವರ್ಷದ ಹಿಂದ ಇದೇ ಹೊಲದಾಗ ಮನಿ ತುಂಬ ಚೀಲ ಬರ್ತಿದ್ವು. ಈಗ ಬೀಜದ ರೊಕ್ಕಾನೂ ಹುಟ್ಟವಲ್ದು. ಉಪ್ಪ ಬಡದದ.” ಅವನು ತನ್ನ ಖರ್ಚಿನಲ್ಲೇ ಹೊಲದ ಮೂಲೆಗೆ ಒಂದು ಬಸಿಗಾಲುವೆ ತೋಡಿಸಿದ್ದಾನೆ. ಡಯಂಚಾ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿದ್ದಾನೆ. ಆದರೆ ಅವನ ಬಸಿಗಾಲುವೆಯ ನೀರು ಹೋಗಬೇಕಾದ ಹಳ್ಳ ಜಾಲಿ ಕಂಟಿ, ಹೂಳು ತುಂಬಿ ಮುಚ್ಚಿಹೋಗಿದೆ. ಹೀಗಾಗಿ ಆ ನೀರು ಕೆಳಗಿನವರ ಹೊಲದಲ್ಲಿ ನಿಲ್ಲುತ್ತದೆ, ಅವರು ಇವನ ಮೇಲೆ ಜಗಳಕ್ಕೆ ಬರುತ್ತಾರೆ. ಒಬ್ಬ ರೈತ ತೋಡುವ ಕಾಲುವೆಯಿಂದ ಇದು ಬಗೆಹರಿಯುವ ಕೆಲಸವಲ್ಲ. ಹಳ್ಳದವರೆಗೂ ಇಡೀ ಬಯಲಿಗೆ ಒಂದೇ ಲೆಕ್ಕದಲ್ಲಿ ಇಳಿಜಾರು ನೋಡಿ ಮಾಡಬೇಕು, ನೆಲದೊಳಗೆ ಪೈಪು ಹೂಳಬೇಕು, ಆಮೇಲೆ ಜಿಪ್ಸಮ್, ಹಸಿರೆಲೆ ಗೊಬ್ಬರ. ನೀರಿಗೆ ಹೊರದಾರಿ ಮಾಡದೆ ಜಿಪ್ಸಮ್ ಚೆಲ್ಲಿದರೆ ದುಡ್ಡು ದಂಡ.

ಕಾಲುವೆ ಇಲ್ಲದ ಕಡೆಯೂ ನೀರು ನಿಲ್ಲುವ ಕಷ್ಟ ಇದೆ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಎಲ್ಲರೂ ಹೆಮ್ಮೆ ಪಟ್ಟೆವು. ಆ ತೊಗರಿಯ ಬೇರು ಮಳೆ ನೀರಿನಲ್ಲಿ ಮೂರ್ನಾಲ್ಕು ದಿನ ಮುಳುಗಿದರೆ ಉಸಿರುಗಟ್ಟುತ್ತದೆ, ಎಲೆ ಹಳದಿಯಾಗುತ್ತದೆ, ರೋಗ ಹತ್ತುತ್ತದೆ. ಹೈದರಾಬಾದ್ ಪಕ್ಕದ ಪಟಾಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲೇ ಎರೆ ಭೂಮಿಗೆ ಅಗಲ ಏರುಮಡಿ ಮತ್ತು ಸಾಲಿನ ಪದ್ಧತಿ ಮಾಡಿ ತೋರಿಸಿದ್ದಾರೆ. ಒಂದು ಮೀಟರ್ ಅಗಲದ ಮಡಿ, ಪಕ್ಕದಲ್ಲಿ ಅರ್ಧ ಮೀಟರ್ ಸಾಲು. ಹೆಚ್ಚಾದ ನೀರು ಸಾಲಿನಲ್ಲಿ ಇಳಿದು ಹೋಗುತ್ತದೆ, ಬೇರು ಮೇಲೆ ಉಸಿರಾಡುತ್ತದೆ. ನಿಮ್ಮ ಕೃಷಿ ಪುಟದಲ್ಲಿ ಇಂಥದ್ದು ಬರಲಿ. ಬೀದರಿನವರಿಗೆ ಈ ತೊಂದರೆ ಕಡಿಮೆ, ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಕೆಳಗೆ ಬಿಡುತ್ತದೆ. ಹಾಗೆ ಇಳಿದು ಬಸಾಲ್ಟ್ ಕಲ್ಲಿನ ಮೇಲೆ ನಿಂತ ನೀರನ್ನೇ ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ಕರೇಜ್ ಎಂಬ ನೆಲದೊಳಗಿನ ಸುರಂಗ ಕಾಲುವೆ ತೋಡಿ ತಂದಿದ್ದರು.

ಕುಂಡದ ಸಲಹೆಯ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಐರ್ಲೆಂಡಿಗೆ ಹೋಗುವುದಕ್ಕೆ ಎಷ್ಟೋ ಮುಂಚೆ, ಇಲ್ಲಿಯ ಒಂದು ಅಂಗಡಿಯಲ್ಲಿ ‘ವಿದೇಶಿ ಪೀಟ್, ಕಪ್ಪು ಬಂಗಾರ’ ಅಂತ ಹೇಳಿ ದುಬಾರಿ ಬೆಲೆಗೆ ಒಂದು ಚೀಲ ಕೊಟ್ಟಿದ್ದರು. ಮಾಳಿಗೆಯ ಮೇಲಿನ ಮಲ್ಲಿಗೆ, ಕರಿಬೇವಿನ ಕುಂಡಗಳಿಗೆ ಅದನ್ನೇ ತುಂಬಿದೆ. ಮಾರ್ಚ್ ಬಿಸಿಲಿಗೆ ಕುಂಡ ಒಣಗಿತು. ಆಮೇಲೆ ದಿನಾ ನೀರು ಹಾಕಿದರೂ ಪೀಟ್ ಮುದುಡಿ ಕುಂಡದ ಗೋಡೆ ಬಿಟ್ಟುಕೊಂಡಿತ್ತು, ನೀರು ಆ ಸಂದಿಯಿಂದ ಸೀದಾ ತಳದ ತೂತಿಗೆ ಹೋಗುತ್ತಿತ್ತು. ಕೆಳಗೆ ತಟ್ಟೆ ತುಂಬ ನೀರು ನೋಡಿ ಸಾಕಷ್ಟು ಆಯಿತು ಅಂದುಕೊಂಡೆ. ಗಿಡ ಕಿತ್ತಾಗ ಬೇರಿನ ಉಂಡೆಯೊಳಗೆ ಹಸಿಯೇ ಇರಲಿಲ್ಲ, ಕಾಫಿ ಪುಡಿ ಥರ ಉದುರಿತು. ಹತ್ತು ವರ್ಷದ ಮಲ್ಲಿಗೆ ಗಿಡ ಅದು. ಅಂಗಡಿಯವರನ್ನು ಕೇಳಿದರೆ ನೀರು ಕಡಿಮೆ ಹಾಕಿದ್ದೀರಿ ಅಂದರು.

ಇನ್ನೊಂದು ಗೊಂದಲ ಬೇಡ. ನಮ್ಮ ನರ್ಸರಿಗಳಲ್ಲಿ ಸಸಿ ಟ್ರೇಗೆ ಹಾಕುವ ಕೊಕೊಪೀಟ್ ಹೆಸರಿಗಷ್ಟೇ ಪೀಟ್. ಅದು ತೆಂಗಿನ ಸಿಪ್ಪೆಯ ನಾರಿನ ಪುಡಿ. ಒಣಗಿದರೂ ಮತ್ತೆ ನೀರು ಕುಡಿಯುತ್ತದೆ, ನಮ್ಮ ದೇಶದ್ದೇ, ಪ್ರತಿ ವರ್ಷ ಹೊಸದಾಗಿ ಸಿಗುತ್ತದೆ. ಅದನ್ನು ತೊಳೆದು, ತಿಪ್ಪೆ ಗೊಬ್ಬರ ಸೇರಿಸಿ ಬಳಸಿ, ಏನೂ ತೊಂದರೆ ಇಲ್ಲ. ಎಕರೆಗಟ್ಟಲೆ ಎರೆ ಹೊಲಕ್ಕೆ ಪೀಟ್ ತಂದು ಹಾಕುವ ಮಾತನ್ನಂತೂ ಯಾರೂ ಕಿವಿಗೆ ಹಾಕಿಕೊಳ್ಳಬೇಡಿ. ಅದರ ಹುಳಿಯನ್ನು ನಮ್ಮ ಸುಣ್ಣದ ಮಣ್ಣು ನುಂಗಿಬಿಡುತ್ತದೆ, ನಮ್ಮ ಬಿಸಿಲಿಗೆ ಅದು ಬೇಗ ಕರಗಿ ಹೋಗುತ್ತದೆ. ಅದೇ ದುಡ್ಡಿಗೆ ಎಷ್ಟು ಗಾಡಿ ಕೊಟ್ಟಿಗೆ ಗೊಬ್ಬರ ಬರುತ್ತದೆ ಲೆಕ್ಕ ಹಾಕಿ.

ಪೀಟ್ ನಮ್ಮ ದೇಶದಲ್ಲೂ ಇದೆ, ಅದನ್ನು ಲೇಖನ ಹೇಳಲೇ ಇಲ್ಲ. ಊಟಿಯ ಹತ್ತಿರದ ನೀಲಗಿರಿ ಕಣಿವೆಗಳಲ್ಲಿ ತಂಪಿಗೆ, ನಿಂತ ನೀರಿಗೆ ಪೀಟ್ ಕೂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಯವರು ಆ ಪದರಗಳನ್ನು ಪರೀಕ್ಷಿಸಿ, 20,000 ವರ್ಷದಲ್ಲಿ ಇಲ್ಲಿನ ಮುಂಗಾರು ಯಾವಾಗ ಬಲವಾಗಿತ್ತು, ಯಾವಾಗ ಸೊರಗಿತ್ತು ಅಂತ ಓದಿ 1993ರಲ್ಲಿ ಪ್ರಕಟಿಸಿದರು. ಕೇರಳದ ಕುಟ್ಟನಾಡಿನಲ್ಲಿ ‘ಕರಿ’ ಅಂತಲೇ ಕರೆಯುವ ಕಪ್ಪು ಮಣ್ಣಿದೆ, ಅಗೆದರೆ ಹಳೆಯ ಮರದ ದಿಮ್ಮಿಗಳು ಸಿಗುತ್ತವೆ. ಅದು ಚಳಿ ಪ್ರದೇಶದ್ದಲ್ಲ, ಸಮುದ್ರ ಮಟ್ಟಕ್ಕಿಂತ ಕೆಳಗಿನದು, ಅದರ ಹುಳಿಗೆ ಗಂಧಕ ಕಾರಣ. ಅದಕ್ಕೂ ಬೇರೆ ಹೆಸರು, ಬೇರೆ ಲೆಕ್ಕ ಬೇಕು.

ನನ್ನ ಕೋರಿಕೆ ಎರಡೇ. ಮೊದಲನೆಯದು, ಪೀಟ್ ಬೆರೆಸಿ ಎಂಬ ಸಲಹೆಯನ್ನು ಅದೇ ಪುಟದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ವಾಪಸ್ ತಗೊಳ್ಳಿ. ಮುಂಗಾರಿಗೆ ಮುಂಚೆ ಜನ ಗೊಬ್ಬರಕ್ಕೆ ದುಡ್ಡು ಹೊಂದಿಸುವ ಹೊತ್ತು ಇದು. ಎರಡನೆಯದು, ನಿಮ್ಮ ವರದಿಗಾರರನ್ನು ಒಮ್ಮೆ ನಮ್ಮ ಕಾಲುವೆ ಕೆಳಗಿನ ಊರುಗಳಿಗೆ ಕಳಿಸಿ, ಮುಚ್ಚಿಹೋದ ಹಳ್ಳಗಳ ಫೋಟೊ ಹಾಕಿ. ಕಳಿಸುವುದಾದರೆ ಈ ತಿಂಗಳೇ ಕಳಿಸಿ, ಮುಂಜಾನೆ ಬರಲು ಹೇಳಿ. ಕಾಲುವೆಗೆ ನೀರು ಬಿಟ್ಟ ಮೇಲೆ ಎಲ್ಲ ಹೊಲವೂ ಹಸಿರಾಗಿ ಕಾಣುತ್ತದೆ, ಆ ಬಿಳಿ ಪದರ ನೀರಿನ ಕೆಳಗೆ ಹೋಗಿಬಿಡುತ್ತದೆ.

ಇಂತಿ,
ಭೂಗೋಳದ ನಿವೃತ್ತ ಶಿಕ್ಷಕಿ, ಕಲಬುರಗಿ